ಬೀದಿಯಲ್ಲಿ ಕಂಡ ಹಳೆಯ ಸ್ಪೋರ್ಟ್ಸ್ ಕಾರನ್ನು ಗುರುತಿಸುವ ಬಗೆ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಕಬ್ಬು ತುಂಬಿದ ಟ್ರ್ಯಾಕ್ಟರಿಗೂ ಎತ್ತಿನ ಗಾಡಿಗೂ ಹೆಸರಾದುವೇ ಹೊರತು ಸ್ಪೋರ್ಟ್ಸ್ ಕಾರಿಗೆ ಹೆಸರಾದುವಲ್ಲ. ಆದರೂ ಬೆಂಗಳೂರಿನಿಂದ ಮೈಸೂರಿಗೆ ಹೋಗುವ 275ನೆಯ ರಾಷ್ಟ್ರೀಯ ಹೆದ್ದಾರಿ ಶ್ರೀರಂಗಪಟ್ಟಣವನ್ನು ಹಾದು ಹೋಗುವುದರಿಂದಲೂ, ಮಂಗಳೂರಿನ ಕಡೆಗೆ ಹೊರಟ 75ನೆಯ ಹೆದ್ದಾರಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸನ್ನು ಮುಟ್ಟಿಯೇ ಮುಂದುವರಿಯುವುದರಿಂದಲೂ, ಜೇವರ್ಗಿಯಿಂದ ಚಾಮರಾಜನಗರಕ್ಕೆ ಇಳಿಯುವ 150ಎ ಹೆದ್ದಾರಿ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳನ್ನು ಒಂದೇ ಸರದಲ್ಲಿ ಪೋಣಿಸಿರುವುದರಿಂದಲೂ, ಬೆಂಗಳೂರು ಮೈಸೂರುಗಳ ಹಳೆಯ ಕಾರುಗಳ ಪ್ರಿಯರು ಭಾನುವಾರದ ಬೆಳಗಿನ ಜಾವದಲ್ಲಿ ತಮ್ಮ ವಾಹನಗಳ ಕೀಲು ಸಡಿಲಿಸಲು ಆರಿಸಿಕೊಳ್ಳುವ ದಾರಿಗಳು ಇವೇ ಆಗಿವೆ. ಕೃಷ್ಣರಾಜಪೇಟೆಯೂ ಇದಕ್ಕೆ ಹೊರತಲ್ಲ. ಕಿಕ್ಕೇರಿಯ ಮೇಲೆ ಶ್ರವಣಬೆಳಗೊಳಕ್ಕೂ ಚನ್ನರಾಯಪಟ್ಟಣಕ್ಕೂ ಹೋಗುವ ರಸ್ತೆ ಹೆದ್ದಾರಿಯ ಧಾವಂತವಿಲ್ಲದ, ತಿರುವುಗಳುಳ್ಳ ರಸ್ತೆಯಾದುದರಿಂದ, ಇಂಥ ಕಾರುಗಳ ಯಜಮಾನರಿಗೆ ಅದು ಪ್ರಿಯವಾಗುವುದು ಸಹಜವೇ.

ಹೀಗೆ ಬಂದ ಕಾರು ಪಾಂಡವಪುರದ ವೃತ್ತದಲ್ಲೋ ಶ್ರೀರಂಗಪಟ್ಟಣದ ಕೋಟೆಬಾಗಿಲಿನ ಬಳಿಯಲ್ಲೋ ಒಂದು ಕ್ಷಣ ನಿಂತಿತೆಂದರೆ ಸಾಕು, ಸುತ್ತ ಜನ ನೆರೆಯುತ್ತದೆ. “ಯಾವ ಕಾಲದ್ದು ಸಾರ್ ಇದು?” ಎಂಬುದು ಮೊದಲನೆಯ ಪ್ರಶ್ನೆ, “ಲೀಟರಿಗೆ ಎಷ್ಟು ಕೊಡ್ತದೆ?” ಎಂಬುದು ಎರಡನೆಯದು. ಎರಡನೆಯದಕ್ಕೆ ಯಜಮಾನನು ನಕ್ಕು ಸುಮ್ಮನಾಗುತ್ತಾನೆ. ಮೊದಲನೆಯದಕ್ಕೆ ಉತ್ತರ ದೊರೆಯುವ ಮುನ್ನವೇ ಕಾರು ಹೊರಟುಹೋಗುವುದುಂಟು. ಉಳಿದವರು ತಮ್ಮ ತಮ್ಮಲ್ಲೇ ಇದು ಜಾಗ್ವಾರ್ ಎಂದೂ, ಅಲ್ಲ ಮರ್ಸಿಡಿಸ್ ಎಂದೂ, ಮೈಸೂರು ಅರಮನೆಯದೇ ಇರಬೇಕೆಂದೂ ವಾದಿಸುತ್ತಾ ಟೀ ಅಂಗಡಿಯ ಕಡೆಗೆ ಸಾಗುತ್ತಾರೆ. ಈ ವಾದಕ್ಕೆ ಒಂದಿಷ್ಟು ಆಧಾರವನ್ನು ಒದಗಿಸುವುದೇ ಈ ಬರಹದ ಉದ್ದೇಶ.

ನಮ್ಮ ಕಣ್ಣು ಸ್ವಭಾವತಃ ಹುಡುಕುವುದು ಕಾರಿನ ಮೂಗಿನ ಮೇಲಿನ ಲಾಂಛನವನ್ನು. ಆದರೆ ಹಳೆಯ ಕಾರಿನ ವಿಷಯದಲ್ಲಿ ಲಾಂಛನದಷ್ಟು ಅವಿಶ್ವಸನೀಯವಾದ ಸಾಕ್ಷಿ ಮತ್ತೊಂದಿಲ್ಲ. ಏಕೆಂದರೆ ಎರಡು ತಿರುಪು ಬಿಚ್ಚಿ ಮತ್ತೊಂದನ್ನು ಹಾಕಲು ಐದು ನಿಮಿಷ ಸಾಕು. ಬಣ್ಣವೂ ಹಾಗೆಯೇ, ಸೀಟಿನ ಚರ್ಮವೂ ಹಾಗೆಯೇ, ಹೊಳೆಯುವ ಬಂಪರೂ ಹಾಗೆಯೇ. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಎತ್ತನ್ನು ಕೊಳ್ಳಲು ಬಂದ ರೈತನು ಕೊಂಬಿಗೆ ಬಳಿದ ಬಣ್ಣವನ್ನು ನೋಡದೆ ಬಾಯಿ ತೆರೆಸಿ ಹಲ್ಲನ್ನು ಎಣಿಸುವಂತೆ, ಕಾರನ್ನು ಗುರುತಿಸಬಯಸುವವನು ಬದಲಾಯಿಸಲು ಕಷ್ಟವಾದ, ಬದಲಾಯಿಸಿದರೂ ಲಾಭವಿಲ್ಲದ ಅಂಗಗಳನ್ನು ನೋಡಬೇಕು. ಬಾಗಿಲಿನ ತಿರುಗಣೆ ಯಾವ ಕಡೆಗಿದೆ, ಮುಂದಿನ ಗಾಜು ಒಂದೇ ತುಂಡೋ ಎರಡೋ, ಚಕ್ರದ ವ್ಯಾಸವೆಷ್ಟು, ಮುಂಚಕ್ರಕ್ಕೂ ಬಾಗಿಲಿಗೂ ನಡುವೆ ಎಷ್ಟು ಅಂತರ ಎಂಬ ಇಂಥ ವಿವರಗಳಲ್ಲಿ ವಾಹನದ ನಿಜವಾದ ಜನ್ಮವೃತ್ತಾಂತ ಅಡಗಿರುತ್ತದೆ.

ಇಲ್ಲಿ ಹೆಸರುಗಳ ಬಗ್ಗೆ ಒಂದು ಮಾತು. ನಾವು ಹಳೆಯದೆಲ್ಲವನ್ನೂ ‘ವಿಂಟೇಜ್’ ಎಂದುಬಿಡುತ್ತೇವೆ. ಆದರೆ ಈ ವಿದ್ಯೆಯ ಬಲ್ಲವರು 1919ರಿಂದ 1930ರವರೆಗೆ ತಯಾರಾದವಕ್ಕೆ ಮಾತ್ರ ಆ ಹೆಸರನ್ನು ಮೀಸಲಿಟ್ಟು, ಎರಡನೆಯ ಮಹಾಯುದ್ಧದ ತರುವಾಯದ ಸುಂದರ ವಾಹನಗಳನ್ನು ‘ಕ್ಲಾಸಿಕ್’ ಎಂದು ಕರೆಯುತ್ತಾರೆ. ನಮ್ಮ ಸರ್ಕಾರದ ಲೆಕ್ಕವೇ ಬೇರೆ. 2021ರ ಜುಲೈಯಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯವು ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ವ್ಯಾಪಾರಕ್ಕೆ ಬಳಸದ, ಚಾಸಿ, ಕವಚ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಗೆ ಒಳಗಾಗದ ದ್ವಿಚಕ್ರ ಅಥವಾ ನಾಲ್ಕು ಚಕ್ರದ ವಾಹನವೇ ವಿಂಟೇಜ್. ಚಾಸಿ, ಕವಚ, ಎಂಜಿನ್ ಎಂಬ ಮೂರನ್ನು ಶಾಸನವೂ ಹೆಸರಿಸಿರುವುದನ್ನು ವಾಚಕರು ಗಮನಿಸಬೇಕು. ಲಾಂಛನದ ಮಾತನ್ನು ಅದು ಎತ್ತಿಲ್ಲ.

ಇನ್ನು ಸ್ಪೋರ್ಟ್ಸ್ ಕಾರೆಂದರೇನು? ಇಬ್ಬರು ಕೂರಬಹುದಾದ, ನೆಲಕ್ಕೆ ಹತ್ತಿರವಾದ, ಬಹುಮಟ್ಟಿಗೆ ಛಾವಣಿಯನ್ನು ಮಡಚಬಹುದಾದ, ಸಾಮಾನು ಸಾಗಿಸುವುದಕ್ಕಿಂತ ಓಡಿಸುವ ಸುಖಕ್ಕಾಗಿಯೇ ರಚಿತವಾದ ಹಗುರ ಕಾರು ಎಂದರೆ ಸಾಕು. ನಾಲ್ಕು ಬಾಗಿಲುಗಳುಳ್ಳ ರಾಜಗಾಂಭೀರ್ಯದ ಕಾರುಗಳು, ಎಷ್ಟೇ ಬೆಲೆಬಾಳಲಿ, ಈ ಪಂಕ್ತಿಗೆ ಸೇರುವುದಿಲ್ಲ. ಅರಮನೆಯ ಮೆರವಣಿಗೆಯ ಕಾರನ್ನೂ ಇದನ್ನೂ ಒಂದೇ ಎಂದು ಬಗೆಯುವುದು ನಮ್ಮ ಕಡೆಯ ಸಾಮಾನ್ಯ ಪ್ರಮಾದ.

ಇಂಥ ಕಾರು ನಮ್ಮ ದೇಶದಲ್ಲಿ ಏಕಿಷ್ಟು ವಿರಳವೆಂಬುದನ್ನು ತಿಳಿದರೆ ಗುರುತಿಸುವ ಕೆಲಸ ಅರ್ಧ ಮುಗಿದಂತೆ. ಜನರಲ್ ಮೋಟರ್ಸ್ ಸಂಸ್ಥೆ 1928ರಲ್ಲಿ ಮುಂಬಯಿಯಲ್ಲಿ ಕಾರುಗಳ ಜೋಡಣೆಯನ್ನು ಆರಂಭಿಸಿತ್ತು. ಫೋರ್ಡ್ ಸಹ ಇಲ್ಲಿ ಕಾರ್ಯನಿರತವಾಗಿತ್ತು. ಸ್ವಾತಂತ್ರ್ಯಾನಂತರ, ಇಲ್ಲಿಯೇ ಭಾಗಗಳನ್ನು ತಯಾರಿಸಲು ಒಪ್ಪಿದವರಿಗೆ ಮಾತ್ರ ಅವಕಾಶವೆಂಬ ನೀತಿ 1953ರಲ್ಲಿ ಬಂದ ಮೇಲೆ ಆ ಸಂಸ್ಥೆಗಳು ಕಾಲ್ತೆಗೆದವು. ಅಂಬಾಸಡರ್, ಫಿಯಟ್, ಸ್ಟ್ಯಾಂಡರ್ಡ್ ಎಂಬ ಮೂರು ಮನೆತನಗಳೇ ಮುಂದಿನ ಮೂರು ದಶಕ ರಸ್ತೆಯನ್ನು ಆಳಿದವು. ಆದುದರಿಂದ ನಮ್ಮ ಬೀದಿಯಲ್ಲಿ ಕಾಣುವ ವಿದೇಶಿ ಸ್ಪೋರ್ಟ್ಸ್ ಕಾರು ಹೆಚ್ಚಾಗಿ ಒಂದೋ 1950ರ ದಶಕದ ನಡುವಿಗೆ ಮೊದಲೇ ಹಡಗಿನಿಂದ ಇಳಿದುದಾಗಿರಬೇಕು. ಇಲ್ಲವೆ ರಾಯಭಾರಿ ಕಚೇರಿಗಳವರು ತಂದು, ಬಳಿಕ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಶನ್ನಿನ ಮೂಲಕ ಮಾರಾಟವಾದುದಾಗಿರಬೇಕು. ಇಲ್ಲವೆ ಆಮದಿನ ಬಾಗಿಲು ತೆರೆದ ಮೇಲೆ ಈಚೆಗೆ ಬಂದುದಾಗಿರಬೇಕು. ಇವು ಮೂರೂ ಅಲ್ಲದಿದ್ದರೆ ಅದು ಇಲ್ಲಿಯೇ ಯಾವುದೋ ಗ್ಯಾರೇಜಿನಲ್ಲಿ ಹುಟ್ಟಿದ್ದು. ಈ ನಾಲ್ಕನೆಯ ವರ್ಗ ಬಹಳ ದೊಡ್ಡದು. ಅದರ ವಿಚಾರ ಮುಂದೆ ಬರುತ್ತದೆ.

ಹಾದುಹೋಗುವ ಕಾರನ್ನು ನೋಡಲು ನಮಗೆ ಹತ್ತು ಸೆಕೆಂಡು ದೊರೆತರೆ ಹೆಚ್ಚು. ಆ ಅಲ್ಪಾವಧಿಯಲ್ಲಿ ಮುಖವನ್ನು ನೋಡುವುದಕ್ಕಿಂತ ಪಕ್ಕವನ್ನು ನೋಡುವುದು ಮೇಲು. ಮುಂಚಕ್ರದ ಹಿಂಭಾಗಕ್ಕೂ ಬಾಗಿಲಿನ ಮುಂದಂಚಿಗೂ ನಡುವಣ ಅಂತರವನ್ನು ಗಮನಿಸಿ. ಎಂಜಿನ್ನನ್ನು ಮುಂದೆ ಉದ್ದಕ್ಕೆ ಕೂರಿಸಿ, ಹಿಂಚಕ್ರಗಳನ್ನು ತಿರುಗಿಸುವ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಮುಂಚಕ್ರಗಳು ಬಹಳ ಮುಂದಕ್ಕೆ ಸರಿದಿರುತ್ತವೆ. ಚಾಲಕನು ಹೆಚ್ಚುಕಡಿಮೆ ಹಿಂಚಕ್ರದ ಮಗ್ಗುಲಲ್ಲೇ ಕುಳಿತಿರುತ್ತಾನೆ. ಆದುದರಿಂದ ಈ ಅಂತರ ಎದ್ದು ಕಾಣುವಷ್ಟಿರುತ್ತದೆ. ಎಂಜಿನ್ನನ್ನು ಅಡ್ಡಕ್ಕೆ ಕೂರಿಸಿ ಮುಂಚಕ್ರಗಳನ್ನೇ ತಿರುಗಿಸುವ ಮಾರುತಿ 800ರಂಥ ಕಾರಿನಲ್ಲಾದರೋ ಚಕ್ರ ಬಾಗಿಲಿಗೆ ಅಂಟಿಕೊಂಡಂತಿರುತ್ತದೆ. ಕವಚವನ್ನು ಯಾರು ಎಷ್ಟೇ ಜಾಣತನದಿಂದ ಬದಲಾಯಿಸಲಿ, ಈ ಅಂತರವನ್ನು ಮರೆಮಾಚುವುದು ದುಸ್ಸಾಧ್ಯ. ಇನ್ನು ಮುಂದೆ ಗಾಳಿ ನುಗ್ಗುವ ಜಾಲರಿಯೇ ಇಲ್ಲದೆ, ಹಿಂದಿನ ಮುಚ್ಚಳದ ಮೇಲೆ ಸೀಳುಗಳಿದ್ದರೆ ಎಂಜಿನ್ ಹಿಂದೆ ಇದೆಯೆಂದು ತಿಳಿಯಬೇಕು. ಅಂಥದು ಜರ್ಮನಿಯ ಪೋರ್ಷೆ 356 ಅಥವಾ 911, ಇಲ್ಲವೆ ಫೋಕ್ಸ್‌ವ್ಯಾಗನ್ನಿನ ಬಂಧುವಾದ ಕರ್ಮನ್ ಗಿಯಾ ಆಗಿರುವ ಸಂಭವ ಹೆಚ್ಚು.

ಈಗ ಒಂದು ಜಾತಿಯನ್ನು ಹತ್ತಿರದಿಂದ ನೋಡೋಣ. ಹಳೆಯ ಸ್ಪೋರ್ಟ್ಸ್ ಕಾರೆಂದೊಡನೆ ಸಾಮಾನ್ಯನ ಮನಸ್ಸಿನಲ್ಲಿ ಮೂಡುವ ಚಿತ್ರ, ಅಂದರೆ ಉದ್ದನೆಯ ಬಾನೆಟ್, ನೆಟ್ಟಗೆ ನಿಂತ ರೇಡಿಯೇಟರು, ಅದರ ಇಕ್ಕೆಲದಲ್ಲಿ ಬಿಡಿಯಾಗಿ ನಿಂತ ಎರಡು ದುಂಡು ದೀಪ, ಅಲೆಯಂತೆ ಬಾಗಿ ಇಳಿದ ಮಡ್ಗಾರ್ಡು, ಬೆನ್ನಿಗೆ ಕಟ್ಟಿದ ಸ್ಟೆಪ್ನಿ ಚಕ್ರ, ಇದೆಲ್ಲವೂ ಬಹುಮಟ್ಟಿಗೆ ಎಂ.ಜಿ. ಎಂಬ ಇಂಗ್ಲಿಷ್ ಕಾರಿನ ‘ಟಿ’ ಸರಣಿಯಿಂದ ಬಂದದ್ದು. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್ ಎಂಬ ಮಾರಾಟಗಾರರ ಅಂಗಡಿಯಲ್ಲಿ ಸೆಸಿಲ್ ಕಿಂಬರ್ ಎಂಬಾತನು ಸಾಮಾನ್ಯ ಮಾರಿಸ್ ಕಾರುಗಳಿಗೆ ಹಗುರ ಕವಚ ಹೊದಿಸಿ ಮಾರಲಾರಂಭಿಸಿದುದೇ ಈ ವಂಶದ ಮೂಲ; ಆ ಅಂಗಡಿಯ ಹೆಸರಿನ ಮೊದಲಕ್ಷರಗಳೇ ಎಂಟು ಮೂಲೆಯ ಚೌಕಟ್ಟಿನೊಳಗೆ ಲಾಂಛನವಾಗಿ ಕುಳಿತವು. ಮುಂದೆ ಕಾರ್ಖಾನೆ ಅಬಿಂಗ್ಡನ್ ಎಂಬ ಊರಿಗೆ ಹೋಯಿತು.

ಯುದ್ಧ ಮುಗಿದ 1945ರಲ್ಲಿ ಹೊರಬಂದ ಟಿ.ಸಿ. ಮಾದರಿಯನ್ನು ಗುರುತಿಸಲು ಮೊದಲು ಚಕ್ರವನ್ನು ನೋಡಬೇಕು. 19 ಅಂಗುಲ ವ್ಯಾಸದ, ಕಡ್ಡಿಗಳುಳ್ಳ, ಸಪೂರವಾದ ಎತ್ತರದ ಚಕ್ರಗಳು. ಅವುಗಳ ನಡುವೆ ಕಾರಿನ ಒಡಲು ಕಿರಿದಾಗಿ ತೂಗಾಡುವಂತೆ ತೋರುತ್ತದೆ. ಬಾಗಿಲಿನ ತಿರುಗಣೆ ಹಿಂದುಗಡೆ ಇರುವುದರಿಂದ ಬಾಗಿಲು ಮುಂದಿನ ಅಂಚಿನಿಂದ ತೆರೆದುಕೊಳ್ಳುತ್ತದೆ. ಮುಂದಿನ ಗಾಜಿನ ಚೌಕಟ್ಟನ್ನು ಪೂರ್ತಿಯಾಗಿ ಬಾನೆಟ್ಟಿನ ಕಡೆಗೆ ಮಲಗಿಸಬಹುದು. ಹಿಂಭಾಗದಲ್ಲಿ ಚಪ್ಪಟೆ ಪೆಟ್ಟಿಗೆಯಂಥ ಪೆಟ್ರೋಲ್ ಟ್ಯಾಂಕು ಬಯಲಾಗಿ ಕಾಣುತ್ತದೆ. ಅದರ ಹಿಂದೆ ಸ್ಟೆಪ್ನಿ. ಎಂಜಿನ್ 1250 ಸಿ.ಸಿ., ನಾಲ್ಕು ಸಿಲಿಂಡರು. ಇಂದಿನ ಯಾವ ಸಣ್ಣ ಕಾರೂ ಅದನ್ನು ಓಟದಲ್ಲಿ ಹಿಂದಿಕ್ಕೀತು, ಆದರೆ ಆ ಸುಖವೇ ಬೇರೆಯೆಂದು ಓಡಿಸಿದವರು ಹೇಳುತ್ತಾರೆ. ಇನ್ನೊಂದು ನಿರ್ಣಾಯಕ ಲಕ್ಷಣವುಂಟು: ಟಿ.ಸಿ. ಕಾರ್ಖಾನೆಯಿಂದ ಬಲಗಡೆಯ ಸ್ಟೀರಿಂಗಿನೊಡನೆ ಮಾತ್ರ ಹೊರಬಂದಿತು, ಅಮೆರಿಕಕ್ಕೆ ಹೋದುವೂ ಸೇರಿದಂತೆ. ಎಡಗಡೆ ಸ್ಟೀರಿಂಗುಳ್ಳ ಟಿ.ಸಿ.ಯನ್ನು ಯಾರಾದರೂ ತೋರಿಸಿದರೆ ಅದನ್ನು ಬಳಿಕ ಮಾರ್ಪಡಿಸಿದ್ದಾರೆ, ಇಲ್ಲವೆ ಅದು ಟಿ.ಸಿ.ಯೇ ಅಲ್ಲ.

1950ರಲ್ಲಿ ಬಂದ ಟಿ.ಡಿ. ದೂರದಿಂದ ಇದರ ಅವಳಿಯಂತೆ ಕಂಡರೂ, ಚಕ್ರಗಳು 15 ಅಂಗುಲಕ್ಕೆ ಕುಗ್ಗಿ, ಕಡ್ಡಿಗಳು ಹೋಗಿ ತಗಡಿನ ತಟ್ಟೆಗಳು ಬಂದವು. ಮುಂದೆಯೂ ಹಿಂದೆಯೂ ಬಂಪರುಗಳು ಸೇರಿದವು. ಎತ್ತರದ ಸಪೂರ ನಿಲುವು ಹೋಗಿ ತುಸು ಮೈತುಂಬಿದಂತಾಯಿತು. ಆಗಿನ ಅಭಿಮಾನಿಗಳು ಕಡ್ಡಿಚಕ್ರ ಹೋದುದಕ್ಕಾಗಿ ಬಹಳ ಗೊಣಗಿದರಾದರೂ ಸುಮಾರು 10,000 ಟಿ.ಸಿ.ಗಳು ಮಾರಾಟವಾದೆಡೆಯಲ್ಲಿ ಟಿ.ಡಿ. 30,000ದ ಹತ್ತಿರಕ್ಕೆ ಹೋಯಿತು. 1953ರ ಟಿ.ಎಫ್. ಈ ಸರಣಿಯ ಕೊನೆಯದು. ಅದರಲ್ಲಿ ದೀಪಗಳು ಮಡ್ಗಾರ್ಡಿನೊಳಕ್ಕೆ ಹುದುಗಿದವು, ರೇಡಿಯೇಟರಿನ ಮುಖ ಹಿಂದಕ್ಕೆ ವಾಲಿತು, ಚಾಲಕನೆದುರಿನ ಮಾಪಕಗಳೂ ಎಂಟು ಮೂಲೆಯ ಚೌಕಟ್ಟುಗಳನ್ನು ಧರಿಸಿದವು. 1955ರಲ್ಲಿ ಎಂ.ಜಿ.ಎ. ಬಂದಾಗ ಬಿಡಿ ಮಡ್ಗಾರ್ಡುಗಳ ಯುಗವೇ ಮುಗಿದು ಒಡಲೆಲ್ಲ ಒಂದೇ ನುಣುಪಾದ ಹೊದಿಕೆಯಾಯಿತು. ಅದರ ತೆರೆದ ಮಾದರಿಯ ಬಾಗಿಲಿಗೆ ಹೊರಗಡೆ ಹಿಡಿಕೆಯೇ ಇಲ್ಲ, ಒಳಗೆ ಕೈಹಾಕಿ ತಂತಿಯನ್ನು ಎಳೆದು ತೆರೆಯಬೇಕು. ನುಣುಪಾದ ಬಾಗಿಲುಳ್ಳ, ಜಾಲರಿ ಕೆಳಕ್ಕೆ ಅಗಲವಾದ, ಪುಟ್ಟ ತೆರೆದ ಕಾರು ಕಂಡರೆ ಎಂ.ಜಿ.ಎ. ಎಂದು ಧೈರ್ಯವಾಗಿ ಹೇಳಬಹುದು. 1962ರಿಂದ 1980ರವರೆಗೆ ನಡೆದ ಎಂ.ಜಿ.ಬಿ.ಯಲ್ಲಿ ಏರಿಳಿಸುವ ಕಿಟಕಿಗಾಜು ಬಂದಿತು. 1974ರ ಬಳಿಕ ಕ್ರೋಮಿಯಂ ಬಂಪರಿನ ಬದಲು ದಪ್ಪ ಕಪ್ಪು ರಬ್ಬರಿನದು ಬಂದು ಅದರ ಮುಖಶೋಭೆಯನ್ನು ಕೆಡಿಸಿತೆಂಬುದು ನನ್ನ ಅಭಿಪ್ರಾಯವಷ್ಟೇ ಅಲ್ಲ, ಬಹುಜನರ ಅಭಿಪ್ರಾಯ.

ಜಾಗ್ವಾರಿನ ವಿಷಯದಲ್ಲಿ ನಮ್ಮವರ ಊಹೆ ತಪ್ಪುವುದು ಹೆಚ್ಚು, ಏಕೆಂದರೆ ಬಾಗಿದ ಮೈಯುಳ್ಳ ಯಾವ ಹಳೆಯ ಕಾರನ್ನಾದರೂ ಜಾಗ್ವಾರೆನ್ನುವ ಚಾಳಿ ಬಲವಾಗಿದೆ. 1948ರ ಲಂಡನ್ ಪ್ರದರ್ಶನದಲ್ಲಿ ವಿಲಿಯಂ ಲಯನ್ಸ್ ಜನರ ಮುಂದಿಟ್ಟ ಎಕ್ಸ್.ಕೆ. 120, ಗಂಟೆಗೆ 120 ಮೈಲಿ ಓಡುವುದೆಂಬ ಭರವಸೆಯಿಂದಲೇ ಆ ಹೆಸರನ್ನು ಪಡೆಯಿತು, 3442 ಸಿ.ಸಿ.ಯ ಆರು ಸಿಲಿಂಡರಿನ ಎಂಜಿನ್ ಆ ಮಾತನ್ನು ಉಳಿಸಿಯೂ ಕೊಟ್ಟಿತು. ತೆರೆದ ಮಾದರಿಯಲ್ಲಿ ಮುಂದಿನ ಗಾಜು ಎರಡು ತುಂಡಾಗಿ ನಡುವೆ ಕೋನವಾಗಿರುತ್ತದೆ. ತಟ್ಟೆಚಕ್ರಗಳಿದ್ದಲ್ಲಿ ಹಿಂಚಕ್ರದ ಮೇಲರ್ಧವನ್ನು ತಗಡಿನ ಮುಚ್ಚಳ ಮರೆಮಾಡುತ್ತದೆ. ಜಾಲರಿಯ ಕಡ್ಡಿಗಳು ಸಣ್ಣವಾಗಿ ಒತ್ತಾಗಿದ್ದರೆ 120, ದಪ್ಪವಾಗಿ ವಿರಳವಾಗಿದ್ದು ಬಂಪರು ಭಾರವಾಗಿದ್ದರೆ 1954ರ ಎಕ್ಸ್.ಕೆ. 140, ಗಾಜು ಒಂದೇ ತುಂಡಾಗಿ ಬಾಗಿದ್ದರೆ 1957ರ ಎಕ್ಸ್.ಕೆ. 150. ಮೂಗು ಉದ್ದುದ್ದಕ್ಕೆ ಚಾಚಿ, ಬಾಯಿ ಮೊಟ್ಟೆಯಾಕಾರವಾಗಿ ತೆರೆದ, 1961ರಲ್ಲಿ ಜಿನೀವಾದಲ್ಲಿ ಕಾಣಿಸಿಕೊಂಡ ಇ-ಟೈಪನ್ನು ಯಾರೂ ಮತ್ತೊಂದೆಂದು ತಪ್ಪು ತಿಳಿಯಲಾರರು. ಆದರೆ ಅದರ ವಯಸ್ಸನ್ನು ತಿಳಿಯಲು ಹಿಂದಕ್ಕೆ ಹೋಗಬೇಕು. ಹಿಂದೀಪಗಳು ಬಂಪರಿನ ಮೇಲಿದ್ದರೆ ಮೊದಲ ಸರಣಿ, 1968ರಿಂದಾಚೆಗೆ ಅವು ಬಂಪರಿನ ಕೆಳಗಿಳಿದವು. 1971ರಲ್ಲಿ 12 ಸಿಲಿಂಡರಿನ ಎಂಜಿನ್ ಬಂದಾಗ ಬರಿಬಾಯಿಗೆ ಜಾಲರಿ ಬಂದಿತು.

ಮರ್ಸಿಡಿಸಿನ 190 ಎಸ್.ಎಲ್. ಮತ್ತು 300 ಎಸ್.ಎಲ್.ಗಳನ್ನು ಒಂದೇ ಎಂದು ತಿಳಿಯುವವರಿಗೆ ಒಂದೇ ಮಾತು: ಮೊದಲನೆಯದು ನಾಲ್ಕು ಸಿಲಿಂಡರಿನ ಸೌಮ್ಯ ವಾಹನ, ಎರಡನೆಯದರ ಮುಚ್ಚಿದ ಮಾದರಿಯಲ್ಲಿ ಕೊಳವೆಗಳಿಂದ ಹೆಣೆದ ಚೌಕಟ್ಟು ಪಕ್ಕದಲ್ಲಿ ಎತ್ತರಕ್ಕೆ ಬರುವುದರಿಂದ ಮಾಮೂಲು ಬಾಗಿಲಿಗೆ ಸ್ಥಳ ಸಾಲದೆ, ಅದು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುವಂತಾಯಿತು. ಅಂಥದೊಂದು ಬೆಳ್ಳೂರು ಕ್ರಾಸಿನಲ್ಲಿ ಟೀ ಕುಡಿಯಲು ನಿಲ್ಲುವ ಸಂಭವ ಬಹಳ ಕಡಿಮೆ.

ಇನ್ನು ಗ್ಯಾರೇಜಿನಲ್ಲಿ ಹುಟ್ಟಿದವುಗಳ ವಿಚಾರ. ಶ್ರೀರಂಗಪಟ್ಟಣದ ಕೋಟೆ, ಸ್ನಾನಘಟ್ಟಗಳು, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಲ್ಲುಮಂಟಪ, ಕಲ್ಯಾಣಿಗಳು ಚಲನಚಿತ್ರದವರಿಗೂ ಈಚೆಗೆ ಮದುವೆಗೆ ಮುಂಚಿನ ಫೋಟೊಗಳಿಗೂ ಮೆಚ್ಚಿನ ಸ್ಥಳಗಳಾಗಿರುವುದರಿಂದ, ವಧೂವರರನ್ನು ಕೂರಿಸಲು ತರುವ ಬಿಳಿ ಅಥವಾ ಕೆಂಪು ಬಣ್ಣದ ‘ವಿಂಟೇಜ್ ಕಾರು’ಗಳನ್ನು ಈ ಭಾಗದ ಜನ ಆಗಾಗ ಕಾಣುತ್ತಾರೆ. ಇವುಗಳಲ್ಲಿ ಅನೇಕವು ಹಳೆಯ ಜೀಪಿನ ಚಾಸಿಯ ಮೇಲೆ ಟಿಂಕರಿಂಗ್ ಮೇಸ್ತ್ರಿಗಳು ತಗಡು ಬಡಿದು ರೂಪಿಸಿದವು. ಅವರ ಕೈಚಳಕಕ್ಕೆ ನಾನು ಕುಂದು ಹೇಳುವವನಲ್ಲ. ನಕ್ಷೆಯಿಲ್ಲದೆ ಬರಿಯ ಒಂದು ಫೋಟೊ ನೋಡಿ ಅಲೆಯಂಥ ಮಡ್ಗಾರ್ಡನ್ನು ಬಡಿದು ತೆಗೆಯುವುದು ಸಾಧಾರಣ ವಿದ್ಯೆಯಲ್ಲ. ಆದರೆ ಮದುವೆ ಮನೆಯ ಶೃಂಗಾರ ಬೇರೆ, ಪರಂಪರೆ ಬೇರೆ. ಅವುಗಳ ಗುರುತು ಕಷ್ಟವಲ್ಲ. ಬಗ್ಗಿ ಮುಂದಿನ ಅಡಿಭಾಗವನ್ನು ನೋಡಿದರೆ, ನಾಲ್ಕು ಚಕ್ರಗಳಿಗೂ ಶಕ್ತಿ ಕಳಿಸುವ ಜೀಪಿನದಾದಲ್ಲಿ, ಮುಂದಿನ ಆಕ್ಸಲಿನಲ್ಲಿ ದುಂಡಗೆ ಉಬ್ಬಿದ ಡಿಫರೆನ್ಶಿಯಲ್ ಕಾಣುತ್ತದೆ. ನಾನು ಇಲ್ಲಿ ಹೆಸರಿಸಿದ ಯಾವ ಸ್ಪೋರ್ಟ್ಸ್ ಕಾರಿಗೂ ಅದು ಇಲ್ಲ. ನೆಲಕ್ಕೂ ಒಡಲಿಗೂ ನಡುವಣ ಎತ್ತರ ಹೆಚ್ಚು. ಕುಳಿತವರು ರಥದಲ್ಲಿ ಕುಳಿತಂತೆ ಮೇಲಿರುತ್ತಾರೆಯೇ ಹೊರತು ಕಾರಿನೊಳಗೆ ಇಳಿದಂತಿರುವುದಿಲ್ಲ. ಸ್ಟಾರ್ಟ್ ಮಾಡಿದಾಗ ಡೀಸೆಲಿನ ಗಡಗಡ ಸದ್ದು ಬಂದರೆ ಮುಂದಿನ ವಿಚಾರಣೆಯೇ ಬೇಡ. ಕೊಳ್ಳುವವರು ಮೈಗೆ ಅಯಸ್ಕಾಂತವನ್ನು ಹಿಡಿದು ತಗಡೋ ಫೈಬರೋ ಎಂದು ಪರೀಕ್ಷಿಸುವ ಪದ್ಧತಿಯೂ ಉಂಟು. ಆದರೆ ಬೀದಿಯಲ್ಲಿ ಕಂಡ ಪರರ ಕಾರಿಗೆ ಅದನ್ನು ಪ್ರಯೋಗಿಸತಕ್ಕದ್ದಲ್ಲ, ಬಣ್ಣ ಗೀಚಿದರೆ ಜಗಳ ತಪ್ಪದು.

ಫೈಬರ್ ಎಂದೊಡನೆ ಅದು ನಕಲಿಯೆಂದು ತೀರ್ಮಾನಿಸುವುದೂ ಅವಸರವೇ. ನಮ್ಮ ಬೆಂಗಳೂರಿನಲ್ಲೇ ಸಿಪಾನಿ ಸಂಸ್ಥೆಯವರು 1982ರ ಸುಮಾರಿಗೆ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರನ್ನು ಆಧರಿಸಿ, 848 ಸಿ.ಸಿ.ಯ ಡಾಲ್ಫಿನ್ ಎಂಬ ಎರಡು ಬಾಗಿಲಿನ ಫೈಬರ್ ಕಾರನ್ನು ತಯಾರಿಸಿದರು. ರೂಪದಲ್ಲಿ ಅದು ಸ್ಪೋರ್ಟ್ಸ್ ಕಾರಲ್ಲ, ಸುಂದರವೂ ಅಲ್ಲ. ಆದರೆ ಹಗುರವಾದ ಒಡಲಿನ ದೆಸೆಯಿಂದ ರ‍್ಯಾಲಿಗಳಲ್ಲಿ ಅದು ಗಳಿಸಿದ ಕೀರ್ತಿ ಸಣ್ಣದಲ್ಲ. 1998ರಲ್ಲಿ ಸ್ಯಾನ್ ಮೋಟರ್ಸಿನವರು ಗೋವೆಯಲ್ಲಿ ತಯಾರಿಸಿದ ಸ್ಟಾರ್ಮ್ ಮಾತ್ರ ಎಲ್ಲ ಅರ್ಥದಲ್ಲೂ ಸ್ಪೋರ್ಟ್ಸ್ ಕಾರು: ಇಬ್ಬರಿಗೆ ಆಸನ, ಮಡಚುವ ಛಾವಣಿ, ಫೈಬರ್ ಮೈ, ಫ್ರಾನ್ಸಿನ ರೆನೋ ಸಂಸ್ಥೆಯ 1149 ಸಿ.ಸಿ. ಎಂಜಿನ್. ಅದು ಹೆಚ್ಚು ಮಾರಾಟವಾಗಲಿಲ್ಲ. ಶಾಸನದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಅದಕ್ಕೆ ಇನ್ನೂ ಎರಡು ದಶಕ ಬೇಕು. ಆದರೂ ಕಂಡವರು ಅದನ್ನು ಇಟಲಿಯ ಯಾವುದೋ ದುಬಾರಿ ಕಾರೆಂದು ಭ್ರಮಿಸುವುದುಂಟು.

ಮತ್ತೊಂದು ಮೋಸ, ಅಥವಾ ಮೋಸವೆನ್ನಲಾಗದ ಸೊಗಸು, ಸ್ಟ್ಯಾಂಡರ್ಡ್ ಹೆರಾಲ್ಡಿನದು. 1961ರಿಂದ ಮದರಾಸಿನಲ್ಲಿ ತಯಾರಾದ ಈ ಕಾರು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ. ಅದರ ರೂಪವನ್ನು ಬರೆದವನು ಇಟಲಿಯ ಮಿಕೆಲೋಟಿ. ಇದೇ ಚಾಸಿಯನ್ನು ಗಿಡ್ಡ ಮಾಡಿ, ಅದೇ ಕಲಾವಿದನ ಕೈಯಿಂದ ಬೇರೆ ಕವಚ ಬರೆಸಿ, 1962ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದರು. ಹೆರಾಲ್ಡಿನ ಛಾವಣಿಯನ್ನು ಬೋಲ್ಟುಗಳಿಂದ ಕೂರಿಸಿರುವುದರಿಂದ ಬಿಚ್ಚಿ ತೆಗೆಯುವುದು ಕಷ್ಟವಲ್ಲ. ಹಾಗೆ ತೆಗೆದು ಬಟ್ಟೆಯ ಟಾಪು ಹೊದಿಸಿದರೆ ಅಂದವಾದ ತೆರೆದ ಕಾರೊಂದು ಸಿದ್ಧ. ಬಾನೆಟ್ ಮಡ್ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಎದ್ದರೆ ಅದು ಈ ಕುಟುಂಬದ್ದೆಂದು ತಿಳಿಯಬಹುದು. ಹಿಂದೆ ಇನ್ನಿಬ್ಬರಿಗೆ ಆಸನವಿದ್ದರೆ ಹೆರಾಲ್ಡ್, ಇಲ್ಲದಿದ್ದರೆ ಸ್ಪಿಟ್‌ಫೈರ್. ಮದರಾಸಿನ ಉತ್ತರಕ್ಕಿದ್ದ ಶೋಳಾವರಂ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಇಂಥ ಹೆರಾಲ್ಡುಗಳೂ ಫಿಯಟ್ಟುಗಳೂ ನಾನಾ ವೇಷ ಧರಿಸಿ ಓಡಿದವು. ಆದುದರಿಂದ ಯಾವ ಪುಸ್ತಕದ ಚಿತ್ರಕ್ಕೂ ಹೊಂದದ, ಆದರೆ ಅಚ್ಚುಕಟ್ಟಾದ ಹಳೆಯ ಒಂಟಿ ಕಾರೊಂದು ಕಣ್ಣಿಗೆ ಬಿದ್ದರೆ ತಾತ್ಸಾರ ಮಾಡದೆ ಅದರ ಚರಿತ್ರೆಯನ್ನು ವಿಚಾರಿಸುವುದು ಒಳ್ಳೆಯದು.

ನಂಬರ್ ಪ್ಲೇಟು ಕಾರಿನ ಹುಟ್ಟನ್ನು ಹೇಳದು, ನೋಂದಣಿಯ ಊರನ್ನು ಹೇಳುತ್ತದೆ. ಕೆ.ಎ. 11 ಮಂಡ್ಯದ್ದು, ಕೆ.ಎ. 54 ನಾಗಮಂಗಲದ್ದು, ಕೆ.ಎ. 09 ಮೈಸೂರಿನದು. 1989ರ ನಿಯಮಗಳಿಗೆ ಮುಂಚಿನವಾದರೆ ಎಂ.ವೈ. ಎಂದು ಮೊದಲಾಗುವ ಮೂರಕ್ಷರಗಳು ಹಳೆಯ ಮೈಸೂರು ರಾಜ್ಯವನ್ನೂ, ಎಂ.ಎಸ್. ಎಂದು ಮೊದಲಾಗುವುವು ಮದರಾಸನ್ನೂ, ಬಿ.ಎಂ. ಎಂದಾದರೆ ಮುಂಬಯಿಯನ್ನೂ ಸೂಚಿಸುತ್ತವೆ; ಇಂಥ ಹಳೆಯ ಸಂಖ್ಯೆ ಉಳಿದುಬಂದಿದ್ದರೆ ಆ ಕಾರು ಈಚೆಗೆ ಆಮದಾದುದಲ್ಲವೆಂಬುದಕ್ಕೆ ಅದೊಂದು ಬಲವಾದ ಸೂಚನೆ. 2021ರ ನಿಯಮದಡಿ ಹೊಸದಾಗಿ ನೋಂದಣಿಯಾದ ಪುರಾತನ ವಾಹನಕ್ಕೆ ರಾಜ್ಯದ ಅಕ್ಷರಗಳ ಬೆನ್ನಿಗೆ ವಿ.ಎ. ಎಂಬ ಎರಡಕ್ಷರ ಬರುತ್ತದೆ; ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಅಂಥ ವಾಹನವನ್ನು ದಿನವಹಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗಿಳಿಯಬೇಕು.

ಫೋಟೊ ತೆಗೆಯುವವರು ಕಾರಿನ ಮುಂದೆ ತಾವೇ ನಿಂತು ತೆಗೆದುಕೊಂಡರೆ ಗುರುತಿಸಲು ಬೇಕಾದ ಅಂಗವೆಲ್ಲ ಮರೆಯಾಗುತ್ತದೆ. ಮೊಣಕಾಲೂರಿ ಪಕ್ಕದಿಂದ ಒಂದು, ಹಿಂಬದಿಯ ಮೂಲೆಯಿಂದ ಒಂದು, ಚಕ್ರದ್ದೊಂದು, ಯಜಮಾನರು ಒಪ್ಪಿದರೆ ಸ್ಟೀರಿಂಗಿನ ಎದುರಿನ ಮಾಪಕಗಳದ್ದೊಂದು ಇದ್ದರೆ ಮನೆಗೆ ಬಂದು ನಿಧಾನವಾಗಿ ಹೋಲಿಸಬಹುದು. “ಸ್ವಾಮಿ, ಬಾನೆಟ್ ಒಂದು ಸಾರಿ ಎತ್ತಿ ತೋರಿಸ್ತೀರಾ?” ಎಂದು ಕೇಳಿದರೆ ಬಹುತೇಕ ಯಜಮಾನರು ಸಂತೋಷದಿಂದಲೇ ಎತ್ತುತ್ತಾರೆ, ಕೇಳುವವರಿಗಾಗಿಯೇ ಅವರು ಕಾಯುತ್ತಿರುತ್ತಾರೆಂದರೂ ಸಲ್ಲುತ್ತದೆ. ಬಾನೆಟ್ಟಿನ ಕೆಳಗೆ ಹುಡುಕಬೇಕಾದುದು ತಯಾರಕರ ಫಲಕವನ್ನು. ಅದರಲ್ಲಿ ಕೊರೆದ ಚಾಸಿ ಸಂಖ್ಯೆ, ಚಾಸಿಯ ಮೇಲೆಯೇ ಒತ್ತಿದ ಸಂಖ್ಯೆಯೊಡನೆ ಹೊಂದಿದರೆ ವಾದ ಮುಗಿಯಿತು. ಎಂ.ಜಿ. ಟಿ.ಸಿ.ಗಳ ಚಾಸಿ ಸಂಖ್ಯೆ ಒಂದರಿಂದ ಆರಂಭವಾಗದೆ 251ರಿಂದ ಆರಂಭವಾಗುತ್ತದೆ. ಅಬಿಂಗ್ಡನ್ ಕಾರ್ಖಾನೆಯ ಟೆಲಿಫೋನ್ ಸಂಖ್ಯೆ 251 ಆಗಿದ್ದುದೇ ಅದಕ್ಕೆ ಕಾರಣ. ಟಿ.ಸಿ. 100 ಎಂಬ ಸಂಖ್ಯೆಯ ಕಾರನ್ನು ಮಾರಲು ಬಂದವನನ್ನು ಕೂರಿಸಿ ಕಾಫಿ ಕೊಟ್ಟು ಕಳುಹಿಸಬಹುದು.

ಕಣ್ಣಿಗೆ ಅಭ್ಯಾಸ ಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಸಂಗ್ರಹಿಸಿದ ಹಳೆಯ ಕಾರುಗಳಿಗಾಗಿ ‘ಪಯಣ’ ಎಂಬ ಸಂಗ್ರಹಾಲಯ 2023ರಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿಯ ಮಗ್ಗುಲಲ್ಲೇ ತೆರೆಯಿತು. ಅಲ್ಲಿಗೆ ಹೋದವರು ಕಾರಿನ ಮುಂದಿನ ಫಲಕವನ್ನು ಓದುವ ಮುನ್ನ ಅದರ ದಶಕವನ್ನು ಊಹಿಸಿ, ಬಳಿಕ ಫಲಕವನ್ನು ನೋಡುವ ಆಟವಾಡಿದರೆ ಒಂದು ಸುತ್ತು ಮುಗಿಯುವಷ್ಟರಲ್ಲೇ ದೃಷ್ಟಿ ಹರಿತವಾಗುತ್ತದೆ: ಬಿಡಿ ದೀಪಗಳು ಮಡ್ಗಾರ್ಡಿನೊಳಗೆ ಸೇರಿದ್ದು ಯಾವಾಗ, ಎರಡು ತುಂಡು ಗಾಜು ಒಂದಾದದ್ದು ಯಾವಾಗ, ಕಾಲಿಡುವ ಪಕ್ಕದ ಹಲಗೆ ಮಾಯವಾದದ್ದು ಯಾವಾಗ ಎಂಬುದೆಲ್ಲ ಪುಸ್ತಕದ ಹಂಗಿಲ್ಲದೆ ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ.

ಸಂಗ್ರಹಾಲಯದ ಹೊರಗೆ, ಓಡುವ ಸ್ಥಿತಿಯಲ್ಲಿರುವ ಕಾರನ್ನು ಸಾವಧಾನವಾಗಿ ನೋಡಲು ನನ್ನ ಮಟ್ಟಿಗೆ ಪೆಟ್ರೋಲ್ ಬಂಕಿಗಿಂತ ಉತ್ತಮ ಸ್ಥಳವಿಲ್ಲ. ಅಲ್ಲಿ ಅದು ನಿಲ್ಲಲೇಬೇಕು. ಈ ಯಜಮಾನರು ಬಂಕಿನವರನ್ನು ಎಥನಾಲಿನ ಬಗ್ಗೆ ಪ್ರಶ್ನಿಸುವುದನ್ನೂ ಅಲ್ಲಿ ಕೇಳಬಹುದು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಬೆರೆಯುವ ಎಥನಾಲು ಬಹುಪಾಲು ಕಬ್ಬಿನಿಂದಲೂ ಧಾನ್ಯಗಳಿಂದಲೂ ಬರುತ್ತದೆ. ಕಬ್ಬಿನ ಸೀಮೆಯಾದ ಈ ತಾಲ್ಲೂಕುಗಳ ರೈತನಿಗೆ ಅದು ಶುಭವಾರ್ತೆಯಾದರೂ, ಹಳೆಯ ಕಾರಿನ ರಬ್ಬರ್ ಕೊಳವೆಗಳನ್ನು ಅದು ಮೆದುಗೊಳಿಸುತ್ತದೆ, ನೀರನ್ನು ಹೀರಿ ತಗಡಿನ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಆದುದರಿಂದ ಕೊಳವೆಗಳನ್ನೆಲ್ಲ ಬದಲಾಯಿಸಿಕೊಂಡೇ ಅವರು ರಸ್ತೆಗಿಳಿಯಬೇಕಾಗಿದೆ. ಬಂಕಿನ ಹುಡುಗನು ಪೈಪು ಹಿಡಿದು ಯಾವ ಕಡೆಗೆ ಹೋಗುತ್ತಾನೆಂಬುದನ್ನು ಗಮನಿಸಿ. ಎಂ.ಜಿ.ಯಂತೆ ಕಾಣುವ ಕಾರಿನಲ್ಲಿ ಅವನು ನೇರವಾಗಿ ಹಿಂದಕ್ಕೆ ಹೋಗಿ, ಸ್ಟೆಪ್ನಿಗೆ ಮುಂದುಗಡೆಯ ಚಪ್ಪಟೆ ಟ್ಯಾಂಕಿನ ಮೇಲಣ ಮುಚ್ಚಳವನ್ನು ತೆರೆದರೆ ಸರಿ. ಯಜಮಾನನು ಇಳಿದು ಬಂದು, “ಅಲ್ಲಲ್ಲ ಮರಿ, ಅದು ಬರೀ ಡಬ್ಬ, ಈ ಪಕ್ಕಕ್ಕೆ ಬಾ” ಎಂದು ಸೀಟಿನ ಬದಿಯನ್ನು ತೋರಿಸಿದರೆ, ಕೆಳಗಿರುವುದು ಜೀಪು.